ಪೆಟ್ಟಿಗೆಯ ಮೇಲಿನ ವಿಭೂತಿ

ನನಗೆ ಸುತ್ತುವ ಹುಚ್ಚು ಹಿಡಿದಿದೆ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿ ಎಷ್ಟೋ ಕಾಲವಾಯಿತು. ಮಗಳ ಹಾಸ್ಟೆಲಿಗೆ ಉಪ್ಪಿನಕಾಯಿ ಕಳಿಸುವಾಗ ಬಾಟಲಿಗೊಂದು ಕವರು, ಕವರಿನ ಸುತ್ತ ಹಳೇ ಟವೆಲು, ಅದರ ಮೇಲೊಂದು ಡಬ್ಬಿ ಎಂದು ನಾನು ಕೂತರೆ ನಮ್ಮ ಯಜಮಾನರು ಪೇಪರ್ ಓದುವುದನ್ನು ನಿಲ್ಲಿಸಿ, "ಅದು ಉಪ್ಪಿನಕಾಯಿ ಕಣೇ ಮಾರಾಯ್ತಿ, ರೋಗ ಅಲ್ಲ" ಎನ್ನುತ್ತಾರೆ. ಎಣ್ಣೆ ಸೋರಿ ಮಗಳ ಬಟ್ಟೆಯೆಲ್ಲ ಹಾಳಾದರೆ ಅವರು ಬಂದು ಒಗೆಯುತ್ತಾರೆಯೇ? ನಾನು ಕೇಳಿದ್ದೇನೆ, ಅವರು ಮತ್ತೆ ಪೇಪರಿಗೆ ಮುಖ ಹಾಕಿದ್ದಾರೆ.

ಇದು ನನ್ನ ಕೆಲಸದಿಂದ ಅಂಟಿಕೊಂಡ ಚಾಳಿ. ಶಿಕಾರಿಪುರದ ಒಂದು ಖಾಸಗಿ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಸಕ್ಕರೆ, ಥೈರಾಯ್ಡ್, ಜ್ವರದ ಪರೀಕ್ಷೆಗಳನ್ನೆಲ್ಲ ನಾವೇ ಮಾಡುತ್ತೇವೆ. ನಮ್ಮಲ್ಲಿ ಆಗದ ಪರೀಕ್ಷೆಗಳ ರಕ್ತ, ಕಫ, ಗಡ್ಡೆಯ ಚೂರುಗಳನ್ನು ದೊಡ್ಡ ಊರಿನ ಲ್ಯಾಬುಗಳಿಗೆ ಕಳಿಸುತ್ತೇವೆ. ಹೆಚ್ಚಿನವು ಬಸ್ಸಿನಲ್ಲಿ ಹೋಗುತ್ತವೆ. ತೀರಾ ದೂರದವು ಮತ್ತು ಹೆಪ್ಪುಗಟ್ಟಿದ ಹಾಗೆಯೇ ತಲುಪಬೇಕಾದವು ವಿಮಾನದಲ್ಲಿ ಹೋಗುತ್ತವೆ. ಅವುಗಳನ್ನು ಕಟ್ಟುವ ಜವಾಬ್ದಾರಿ ನನ್ನದು. ಬೇರೆಯವರಿಗೆ ಬಿಟ್ಟುಕೊಡಲು ನನಗೂ ಮನಸ್ಸಿಲ್ಲ.

ಕಟ್ಟುವುದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ, ಆದರೆ ಅಸಡ್ಡೆ ನಡೆಯುವುದಿಲ್ಲ. ರಕ್ತವಿರುವ ಟ್ಯೂಬು ಒಂದು. ಒಡೆದರೆ ಹೀರಿಕೊಳ್ಳಲು ಅದರ ಸುತ್ತ ಹತ್ತಿಯ ಪದರ. ಅದನ್ನಿಡಲು ತಿರುಪು ಮುಚ್ಚಳದ, ಸೋರದ ಇನ್ನೊಂದು ಡಬ್ಬಿ. ಅದರ ಹೊರಗೆ ಗಟ್ಟಿ ಪೆಟ್ಟಿಗೆ. ಒಳಗಿರುವುದೇನು ಎಂದು ಹೊರಗೆ ಚೀಟಿ ಅಂಟಿಸಬೇಕು. ದಾರಿಯಲ್ಲಿ ಆ ಪೆಟ್ಟಿಗೆಯನ್ನು ಎತ್ತಿ ಇಳಿಸುವವರು ನನಗೆ ಗೊತ್ತಿಲ್ಲದ ಜನ. ಅವರ ಮನೆಯಲ್ಲೂ ಮಕ್ಕಳು ಮರಿ ಇರುತ್ತಾರೆ. ನನ್ನ ಸೋಮಾರಿತನಕ್ಕೆ ಅವರ ಕೈಗೆ ಯಾರದೋ ರೋಗ ತಾಗಬಾರದು. ಇಷ್ಟೇ ಇದರ ಹಿಂದಿನ ಲೆಕ್ಕಾಚಾರ.

ಹೆಪ್ಪುಗಟ್ಟಿದ್ದನ್ನು ಕಳಿಸುವಾಗ ಮಾತ್ರ ಇನ್ನೊಂದು ತಕರಾರು ಸೇರಿಕೊಳ್ಳುತ್ತದೆ. ಅದಕ್ಕೆ ಡ್ರೈ ಐಸ್ ಬೇಕು. ಅದು ಬೆಂಗಳೂರಿಂದ ಬಸ್ಸಿನಲ್ಲಿ ಬರಬೇಕು. ಮಾಮೂಲಿ ಐಸಿನಂತೆ ಅದು ನೀರಾಗುವುದಿಲ್ಲ, ಹೊಗೆಯಾಗಿ ಹಾರಿಹೋಗುತ್ತದೆ. ಆ ಹೊಗೆಗೆ ದಾರಿ ಬಿಡದೆ ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಿದರೆ ಸೀಟಿ ಕಟ್ಟಿಕೊಂಡ ಕುಕ್ಕರಿನ ಗತಿಯೇ. ಹಾಗಾಗಿ ಒಳಗಿನ ಡಬ್ಬಿ ಎಷ್ಟು ಬಿಗಿಯೋ ಹೊರಗಿನ ಪೆಟ್ಟಿಗೆ ಅಷ್ಟೇ ಸಡಿಲ ಇರಬೇಕು. ಥರ್ಮಾಕೋಲಿನ ಮುಚ್ಚಳವನ್ನು ಸುಮ್ಮನೆ ಕೂರಿಸಿ, ಮೇಲಿನ ರಟ್ಟಿನ ಅಂಚಿಗೆ ಅಲ್ಲಲ್ಲಿ ಮಾತ್ರ ಟೇಪು ಹಾಕಿ ಉಸಿರಾಡಲು ಸಂದು ಬಿಡುತ್ತೇನೆ. ಒಂದು ದಿನ ನನ್ನನ್ನು ಕಂಗೆಡಿಸಿದ್ದೂ ಈ ಸಂದೇ.

ಕೆಲವು ವರ್ಷಗಳ ಹಿಂದಿನ ಮಾತು. ತೊಗರ್ಸಿ ಕಡೆಯ ಒಂದು ರೈತರ ಮನೆಯ ಸೊಸೆಗೆ ಚೊಚ್ಚಲ ಹೆರಿಗೆಯಾಯಿತು. ಹುಡುಗಿಯ ತವರು ಕುಪ್ಪಗಡ್ಡೆ. ನನ್ನ ತವರೂ ಸೊರಬದ ಕಡೆಯೇ ಆದ್ದರಿಂದ ಅವಳು ಬಂದರೆ ಎರಡು ಮಾತು ಹೆಚ್ಚಿಗೆ ಆಡುತ್ತಿದ್ದೆ. ಗಂಡುಮಗು, ಮುದ್ದಾಗಿತ್ತು. ವಾರ ಕಳೆಯುವುದರೊಳಗೆ ಹಾಲು ಕುಡಿಯುವುದನ್ನು ಕಡಿಮೆ ಮಾಡಿತು, ಆಮೇಲೆ ಫಿಟ್ಸ್ ಬಂತು. ನಮ್ಮ ಲ್ಯಾಬಿನ ಪಕ್ಕದ ಮಕ್ಕಳ ಡಾಕ್ಟರು ಮಗುವನ್ನು ನೋಡುತ್ತಿದ್ದಾಗ ಅದರ ಅಜ್ಜಿ, ಅಂದರೆ ಹುಡುಗಿಯ ಅತ್ತೆ, ಒಂದು ಮಾತು ಹೇಳಿದರು. "ಕೂಸಿನ ಉಚ್ಚೆ ಬಟ್ಟೆ ಆಲೆಮನೆ ವಾಸ್ನೆ ಬರ್ತೈತ್ರಿ. ಬೆಲ್ಲ ಕಾಯ್ಸಿದಂಗೆ." ಡಾಕ್ಟರು ಬಟ್ಟೆಯನ್ನು ಮೂಸಿ ನೋಡಿ ಮುಖ ಸಪ್ಪೆ ಮಾಡಿಕೊಂಡರು. ಹುಟ್ಟಿನಿಂದಲೇ ತಾಯಿಯ ಹಾಲನ್ನು ಅರಗಿಸಿಕೊಳ್ಳಲಾಗದ ಕೆಲವು ಅಪರೂಪದ ಕಾಯಿಲೆಗಳಿವೆಯಂತೆ, ಅವುಗಳಲ್ಲಿ ಒಂದಿರಬಹುದು ಎಂದರು. ಮಗುವನ್ನು ದೊಡ್ಡಾಸ್ಪತ್ರೆಗೆ ಕಳಿಸುವ ಮೊದಲು ಅದರ ರಕ್ತ, ಮೂತ್ರ ತೆಗೆಸಿದರು. ನಾನೇ ಚುಚ್ಚಿ ತೆಗೆದ ರಕ್ತವನ್ನೂ ಮೂತ್ರವನ್ನೂ ಎರಡು ಟ್ಯೂಬಿಗೆ ತುಂಬಿ ನಮ್ಮ ಡೀಪ್ ಫ್ರೀಜರಿನಲ್ಲಿಟ್ಟೆ.

ಮಗು ಉಳಿಯಲಿಲ್ಲ. ಟ್ಯೂಬುಗಳನ್ನು ಪರೀಕ್ಷೆಗೆ ಕಳಿಸಲೇ ಎಂದು ಡಾಕ್ಟರು ಕೇಳಿದಾಗ ಬೇಡ ಎಂದವರು ಆ ಅಜ್ಜಿಯೇ. "ಸತ್ತಿದ್ರ ರಕ್ತ ಊರೂರು ತಿರುಗೋದು ಬ್ಯಾಡ್ರಿ. ಅದು ಮಲಿಕ್ಕಂಡೈತೆ, ಮಲಗ್ಲಿ." ಅವರ ಮಾತು ನನಗೆ ಆಗ ಹಟದಂತೆ ಕಂಡಿತ್ತು. ಡಾಕ್ಟರು ಒತ್ತಾಯ ಮಾಡಲಿಲ್ಲ. ಆದರೆ ಎಸೆಯಬೇಡಿ, ಇಟ್ಟಿರಿ ಎಂದು ನನಗೆ ಹೇಳಿದರು. ಫ್ರೀಜರಿನ ಮೂಲೆಯಲ್ಲಿ ಅವು ಹಾಗೆಯೇ ಉಳಿದವು. ಕರೆಂಟು ಹೋದಾಗಲೆಲ್ಲ ಜನರೇಟರ್ ಹಾಕಲು ಓಡುವಾಗ ನನಗೆ ಮೊದಲು ನೆನಪಾಗುತ್ತಿದ್ದುದು ಆ ಎರಡು ಟ್ಯೂಬುಗಳೇ.

ಹುಡುಗಿ ಮತ್ತೆ ಬಸುರಿಯಾದಳು. ಮೊದಲೆಲ್ಲ ಯಾರಿಗೂ ಹೇಳಲಿಲ್ಲ, ಡಾಕ್ಟರ ಹತ್ತಿರವೂ ಬರಲಿಲ್ಲ. ಏಳನೇ ತಿಂಗಳು ತುಂಬಿದ ಮೇಲೆ ಅತ್ತೆ ಸೊಸೆ ಇಬ್ಬರೂ ಬಂದು ಕೂತರು. ಈ ಮಗುವಿಗೂ ಹಾಗೇ ಆಗುತ್ತದೆಯೇ ಎಂದು ಕೇಳಿದರು. ಆಗಬಹುದು, ಆಗದೆಯೂ ಇರಬಹುದು ಎಂದರು ಡಾಕ್ಟರು. ಆಮೇಲೆ ಬಿಡಿಸಿ ಹೇಳಿದರು. ಆ ಕಾಯಿಲೆಯಾದರೆ ಅದಕ್ಕೆಂದೇ ಬೇರೆ ಹಾಲಿನ ಪುಡಿ ಇದೆ. ಹುಟ್ಟಿದ ದಿನದಿಂದ ಅದನ್ನೇ ಕೊಟ್ಟರೆ ಮಗುವನ್ನು ಉಳಿಸಿಕೊಳ್ಳಬಹುದು. ಒಂದೊಂದು ಕಾಯಿಲೆಗೆ ಒಂದೊಂದು ಪುಡಿ. ಅದು ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವಂಥದ್ದಲ್ಲ, ಹೊರದೇಶದಿಂದ ತರಿಸಬೇಕು, ಬರಲು ವಾರಗಟ್ಟಲೆ ಬೇಕು. ಮೊದಲ ಮಗುವಿನದು ಯಾವ ಕಾಯಿಲೆ ಎಂದು ಗಟ್ಟಿಯಾಗದೆ ಯಾವುದನ್ನು ತರಿಸುವುದು? ಹುಟ್ಟಿದ ಮೇಲೆ ಪರೀಕ್ಷೆಗೆ ಕಳಿಸಿ ಕಾಯುತ್ತಾ ಕೂತರೆ ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಉತ್ತರವೇನಾದರೂ ಇದ್ದರೆ ಅದು ನನ್ನ ಫ್ರೀಜರಿನಲ್ಲಿತ್ತು. ಕರಗಿದರೆ, ಒಡೆದರೆ, ಕಳೆದುಹೋದರೆ ಇನ್ನೊಂದು ಸಲ ತೆಗೆಯುವ ಹಾಗಿರಲಿಲ್ಲ.

"ಕಳ್ಸ್ರಿ" ಎಂದರು ಅತ್ತೆ. ಅಷ್ಟೇ ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಡ್ರೈ ಐಸ್ ಬಂದ ದಿನ ಬೆಳಿಗ್ಗೆಯೇ ಇಬ್ಬರೂ ಲ್ಯಾಬಿಗೆ ಬಂದಿದ್ದರು. ಕಳಿಸುವುದನ್ನು ನೋಡಬೇಕಂತೆ. ಸಾಮಾನ್ಯವಾಗಿ ಕಟ್ಟುವಾಗ ಹತ್ತಿರ ಯಾರನ್ನೂ ಬಿಟ್ಟುಕೊಳ್ಳದ ನಾನು ಅವತ್ತು ಇಲ್ಲ ಎನ್ನಲಾರದೆ, ದೂರ ನಿಂತುಕೊಳ್ಳಿ, ಏನನ್ನೂ ಮುಟ್ಟಬೇಡಿ ಎಂದು ಗದರಿಸುವ ದನಿಯಲ್ಲೇ ಹೇಳಿ ಒಳಗೆ ಕರೆದೆ. ಹುಡುಗಿ ಬಾಗಿಲಿನ ಹತ್ತಿರದ ಸ್ಟೂಲಿನ ಮೇಲೆ ಕೂತಳು. ಟ್ಯೂಬುಗಳನ್ನು ಹೊರಗೆ ತೆಗೆದಾಗ ಅವಳು ನೋಡಲಿಲ್ಲ, ಗೋಡೆಯ ಕಡೆ ತಿರುಗಿದ್ದಳು. ಅತ್ತೆ ಮಾತ್ರ ಕಣ್ಣು ಕೀಳದೆ ನೋಡಿದರು. ಹತ್ತಿ ಸುತ್ತಿ, ಡಬ್ಬಿಗೆ ಹಾಕಿ, ತಿರುಪಿ, ಡ್ರೈ ಐಸಿನ ನಡುವೆ ಇಟ್ಟು, ಥರ್ಮಾಕೋಲಿನ ಮುಚ್ಚಳ ಕೂರಿಸಿದೆ. "ಚಳಿ ಭಾಳ ಅಲೇನ್ರಿ ಅದ್ರಾಗೆ" ಎಂದು ಅವರು ಕೇಳಿದರು. ಅದು ಹಾಗೇ ಇರಬೇಕು ಅಮ್ಮಾ ಎಂದೆ.

ಅಷ್ಟರಲ್ಲಿ ಕಾರಿನ ಡ್ರೈವರ್ ಫೋನ್ ಮಾಡಿದ. ನಾನು ಕಿಟಕಿಯ ಹತ್ತಿರ ಹೋಗಿ ಮಾತಾಡಿ ಬಂದು, ರಟ್ಟಿನ ಮಡಿಕೆಗಳನ್ನು ಮುಚ್ಚಿ, ಟೇಪು ಹಾಕಿ, ಚೀಟಿ ಅಂಟಿಸಿದೆ. ಹೊರಡುವಾಗ ಅತ್ತೆ ನನ್ನ ಕೈ ಹಿಡಿದುಕೊಂಡು, "ಇಮಾನ ಹತ್ತಿದ್ ಸುದ್ದಿ ಬರೋಗಂಟ ನಾವ್ ಇಲ್ಲೇ ಕುಂತಿರ್ತೀವಿ ಅಕ್ಕಾರೆ" ಎಂದರು.

ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯುದ್ದಕ್ಕೂ ಪೆಟ್ಟಿಗೆ ಕಾರಿನ ಹಿಂದಿನ ಸೀಟಿನಲ್ಲಿ, ಕಿಟಕಿ ಅರ್ಧ ಇಳಿಸಿ, ನಾನು ಅದರ ಪಕ್ಕದಲ್ಲಿ. ಹೊಗೆ ಕಾರಿನೊಳಗೇ ತುಂಬಿಕೊಂಡರೆ ಉಸಿರು ಕಟ್ಟುತ್ತದೆ. ಗಾಳಿಗೆ ನನ್ನ ತಲೆ ಕಾಗೆಗೂಡಾಗಿತ್ತು. ಆದರೂ ಸಮಾಧಾನವಿತ್ತು, ಹೊತ್ತಿಗೆ ಮುಂಚೆಯೇ ತಲುಪಿದ್ದೆವು.

ಸರಕು ತೆಗೆದುಕೊಳ್ಳುವ ಕೌಂಟರಿನಲ್ಲಿ ಒಬ್ಬ ಯುವತಿ ಇದ್ದಳು. ಚೀಟಿಗಳನ್ನೆಲ್ಲ ಓದಿ, ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದವಳು ತಟ್ಟನೆ ಎರಡು ಹೆಜ್ಜೆ ಹಿಂದೆ ಸರಿದಳು. "ಮೇಡಂ, ಇದೇನಿದು?"

ನಾನು ಬಗ್ಗಿ ನೋಡಿದೆ. ಉಸಿರಾಡಲು ಬಿಟ್ಟ ಸಂದಿನಿಂದ ತಣ್ಣನೆಯ ಹೊಗೆ ಬರುತ್ತಿತ್ತು, ಅದರ ಜೊತೆಗೆ ಬೆಳ್ಳಗಿನ ನಯವಾದ ಪುಡಿ. ರೋಗದ ಎಚ್ಚರಿಕೆಯ ಚೀಟಿಯ ಮೇಲೆಯೇ ಅದು ತೆಳ್ಳಗೆ ಕೂತಿತ್ತು. ಪಕ್ಕದ ಹಲಸಿನ ಚಿಪ್ಸಿನ ಮೂಟೆಗಳನ್ನು ಇಳಿಸುತ್ತಿದ್ದವರು ಅಲ್ಲಿಯೇ ನಿಂತರು. ಯುವತಿ ಎಲ್ಲರಿಗೂ ದೂರ ಹೋಗಲು ಹೇಳಿ ತನ್ನ ಮೇಲಿನ ಅಧಿಕಾರಿಗಳನ್ನು ಕರೆದಳು. ಅವರು ಬಂದು ನೋಡಿ, ಸೋರಿಕೆ ಕಂಡ ಪೆಟ್ಟಿಗೆಯನ್ನು ತೆಗೆದುಕೊಳ್ಳಲು ಬರುವುದಿಲ್ಲ ಎಂದರು. ಒಳಗಿಂದ ಬಂದದ್ದು ಏನೆಂದು ಗೊತ್ತಾಗಬೇಕು, ಅಥವಾ ವಾಪಸು ಒಯ್ಯಬೇಕು. ನಾನು ಅವರ ಜಾಗದಲ್ಲಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೂ ಮೈಯೆಲ್ಲ ಉರಿದುಹೋಯಿತು. ನಾನು ಕಟ್ಟಿದ ಪೆಟ್ಟಿಗೆ ಸೋರುವುದೆಂದರೇನು? ಅದರಲ್ಲಿ ಪುಡಿ ಎಂಬುದೇ ಇಲ್ಲವಲ್ಲ!

ವಾಪಸು ಒಯ್ದರೆ ಡ್ರೈ ಐಸ್ ಉಳಿಯುವುದಿಲ್ಲ. ಮತ್ತೆ ಬೆಂಗಳೂರಿನಿಂದ ಬರುವವರೆಗೆ ಟ್ಯೂಬುಗಳು ಕರಗಿ, ಮತ್ತೆ ಗಟ್ಟಿಯಾಗಿ ಕೆಡುತ್ತವೆ. ಆ ಹುಡುಗಿಯ ಹೊಟ್ಟೆ ಕಣ್ಣ ಮುಂದೆ ಬಂತು. ಆದದ್ದಾಗಲಿ ಎಂದು, ಹೊರಗೆ ಬಯಲಿನಲ್ಲಿ ನಾನೇ ಬಿಚ್ಚಿ ನೋಡುತ್ತೇನೆ, ನೀವು ದೂರದಿಂದ ನೋಡಿ ಎಂದು ಕೇಳಿಕೊಂಡೆ. ಅವರು ಒಪ್ಪಿದರು. ಆದರೆ ಸರಕು ತೆಗೆದುಕೊಳ್ಳುವ ಹೊತ್ತು ಮುಗಿಯುತ್ತ ಬಂದಿದೆ, ಬೇಗ ಮಾಡಿ ಎಂದರು.

ಕಾರು ನಿಲ್ಲಿಸುವ ಜಾಗದ ಆಚೆ, ಒಂದು ಬೇವಿನ ಮರದ ನೆರಳಲ್ಲಿ ಪೆಟ್ಟಿಗೆ ಇಟ್ಟು, ಗ್ಲೌಸ್, ಮಾಸ್ಕ್ ಹಾಕಿಕೊಂಡು ಟೇಪು ಕತ್ತರಿಸಿದೆ. ರಟ್ಟು ತೆರೆದೆ.

ಥರ್ಮಾಕೋಲಿನ ಬಿಳಿ ಮುಚ್ಚಳದ ಮೇಲೆ ಮೂರು ಬೆರಳಿನಿಂದ ಎಳೆದ ವಿಭೂತಿಯ ಮೂರು ಗೆರೆಗಳಿದ್ದವು. ಬಿಳಿಯ ಮೇಲೆ ಬಿಳಿ, ಮುಚ್ಚುವಾಗ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವಸರದಲ್ಲಿ ಎಳೆದವಲ್ಲ. ಪಟ್ಟೆಪಟ್ಟೆಯಾಗಿ, ಹಣೆಗೆ ಹಚ್ಚುವಷ್ಟೇ ನಿಧಾನವಾಗಿ ಎಳೆದಂಥವು. ಬೆರಳಿನಲ್ಲಿ ಉಳಿದ ಪುಡಿಯನ್ನು ಅಲ್ಲೇ ಸುತ್ತ ಉದುರಿಸಿದ್ದರು. ಕಾರಿನ ಕುಲುಕಾಟ ಅದನ್ನು ಸಡಿಲ ಮಾಡಿ, ಹೊಗೆ ಅದನ್ನು ಹೊತ್ತು ಸಂದಿನಿಂದ ಹೊರಗೆ ತಂದಿತ್ತು.

ನಮ್ಮ ಕಡೆ ಇವರಂಥ ಶಿವಭಕ್ತರ ಮನೆಗಳಲ್ಲಿ ವಿಭೂತಿ ಹಚ್ಚದ ವಸ್ತುವಿಲ್ಲ. ಹೊಸ ಟ್ರ್ಯಾಕ್ಟರು, ಅಂಗಡಿಯ ಗಲ್ಲಾಪೆಟ್ಟಿಗೆ, ಕೊಳವೆ ಬಾವಿಯ ಮೋಟಾರು, ಎಲ್ಲಕ್ಕೂ ಮೂರು ಗೆರೆ. ನನ್ನ ಸಿಟ್ಟು ನೆತ್ತಿಗೇರಿತು. ಇಷ್ಟೆಲ್ಲ ಹೇಳಿ, ಏನನ್ನೂ ಮುಟ್ಟಬೇಡಿ ಎಂದು ಬಡಿದುಕೊಂಡು, ಒಂದು ಫೋನಿಗೆ ಬೆನ್ನು ತಿರುಗಿಸಿದ್ದಕ್ಕೆ ಈ ಕೆಲಸ. ಮೇಲಿನವರಿಗೆ ಇದು ವಿಭೂತಿ ಎಂದು ಹೇಳಿದೆ. ಅವರು ನಂಬಿದ ಹಾಗೆ ಕಂಡರೂ, ಹಚ್ಚಿದವರನ್ನೇ ಕೇಳಿ ಖಚಿತ ಮಾಡಿಕೊಳ್ಳಿ, ಆಮೇಲೆ ಚೂರೂ ಉಳಿಯದಂತೆ ಒರೆಸಿ ಹೊಸ ರಟ್ಟಿಗೆ ಹಾಕಿ ಎಂದರು. ನಾನು ಹುಡುಗಿಯ ಮೊಬೈಲಿಗೆ ಫೋನ್ ಮಾಡಿದೆ. ಅತ್ತೆಗೆ ಕೊಡು ಎಂದೆ.

"ಅಮ್ಮಾ, ಪೆಟ್ಟಿಗೆ ಮೇಲೆ ಏನು ಹಚ್ಚಿದೀರಿ?"

"ಈಬತ್ತಿ ಅಕ್ಕಾರೆ" ಎಂದರು.

ಬಯ್ಯಬೇಕೆಂದು ಬಾಯಿ ತೆರೆದಿದ್ದೆ. ಅವರೇ ಮುಂದುವರಿಸಿದರು. "ಕೂಸು ಹೋದಾಗ ನಾನು ಸೊಸೆ ತಾವ ಆಸ್ಪತ್ರೆಗಿದ್ದೆ. ಇವ್ಳಿಗೆ ಎಚ್ರ ಇರ್ಲಿಲ್ಲ, ಗ್ಲೂಕೋಸ್ ಹಾಕಿದ್ರು, ಬಿಟ್ ಹೋಗಂಗಿರ್ಲಿಲ್ಲ. ಗಂಡಸ್ರು ಎತ್ಕಂಡೋಗಿ ಹೊಲ್ದಾಗೆ ಮಣ್ ಮಾಡಿದ್ರು. ಹಣಿಗೆ ಈಬತ್ತಿ ಹಚ್ಚಿದ್ರೇನು ಅಂತ ಕೇಳಿದ್ರೆ ಮರ್ತ್ವಿ ಅಂದ್ರು. ಬರೀ ಹಣಿಲೆ ಹೋತು ನಮ್ ಕೂಸು. ಇವತ್ ನೀವು ಅದನ್ನ ಸುತ್ತಿ ಸುತ್ತಿ ಮಲಗ್ಸೋದ್ ನೋಡಿ ಮನಸ್ ತಡೀಲಿಲ್ರಿ. ತೆಪ್ಪಾತೇನ್ರಿ?"

ಈ ಕೆಲಸಕ್ಕೆ ಸೇರಿದಾಗಿನಿಂದ ಎಷ್ಟೋ ಪೆಟ್ಟಿಗೆ ಕಟ್ಟಿದ್ದೇನೆ. ಸೋರಬಾರದು, ಒಡೆಯಬಾರದು, ಕರಗಬಾರದು ಎಂದಲ್ಲದೆ ಬೇರೆ ಯೋಚನೆ ಬಂದದ್ದಿಲ್ಲ. ನಾನು ಸ್ಯಾಂಪಲ್ ಎಂದು ಕಟ್ಟಿದ್ದನ್ನು ಆ ಅಜ್ಜಿ ಮೊಮ್ಮಗ ಎಂದು ಕಂಡಿದ್ದರು. ಅವರಿಗೆ ಆ ಹಣೆ ಸಿಕ್ಕಿದ್ದು ಅವತ್ತೇ ಮೊದಲು. ಅದನ್ನು ಈಗ ನಾನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಬೇಕಾಗಿತ್ತು. ಹೇಳದೆ ಒರೆಸಿಬಿಡಬಹುದಿತ್ತು. ಹಾಗೆ ಮಾಡಲು ಕೈ ಬರಲಿಲ್ಲ.

"ತಪ್ಪೇನಿಲ್ಲಮ್ಮಾ. ಆದ್ರೆ ಇಲ್ಲಿಯವ್ರು ಹೀಂಗಿದ್ರೆ ವಿಮಾನಕ್ಕೆ ಹಾಕೂಕಾಗ್ದು ಅಂತಾರೆ. ಒರೆಸ್ಬೇಕು."

"ಒರೆಸಿದ್ರೆ ಹೋಗ್ತೈತಾ?"

"ಹೋಗುತ್ತೆ."

"ಒರೆಸ್ಬಿಡ್ರಿ ಹಂಗಾರೆ" ಎಂದರು ಅವರು. "ಅದುಕ್ ಹಚ್ಚಿದ್ದು ಹಚ್ಚಿದಂಗಾತು. ಹೊಟ್ಯಾಗಿರೋದು ಬದುಕ್ಲಿ."

ಒರೆಸಿದೆ. ಒಂದೊಂದೇ ಗೆರೆಯನ್ನು ಒರೆಸಿದೆ. ಕಣ್ಣು ಮಂಜಾಗಿ ಮಾಸ್ಕ್ ಒದ್ದೆಯಾಯಿತು. ದೂರದಲ್ಲಿ ನಿಂತು ನೋಡುತ್ತಿದ್ದ ಯುವತಿ ಹತ್ತಿರ ಬಂದು, ನಾನು ಕಾರಿನಲ್ಲಿ ಸದಾ ಇಟ್ಟುಕೊಂಡಿರುವ ಬೇರೆ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಹಿಡಿದಳು. ಫೋನಿನ ಮಾತುಗಳೆಲ್ಲ ಅವಳಿಗೆ ಕೇಳಿಸಿದ್ದಿರಬೇಕು. ಹೊಸ ಚೀಟಿ ಅಂಟಿಸುವಾಗ ಅವಳೇ ಮೂಲೆಗಳನ್ನು ಒತ್ತಿ ಕೊಟ್ಟಳು. ಮೇಲಿನವರು ಇನ್ನೊಮ್ಮೆ ಪರೀಕ್ಷಿಸಿ ಪೆಟ್ಟಿಗೆ ತೆಗೆದುಕೊಂಡರು. ವಿಮಾನ ಏಳುವವರೆಗೆ ನಾನು ಬೇಲಿಯ ಹತ್ತಿರ ನಿಂತಿದ್ದು, ಆಮೇಲೆ ಲ್ಯಾಬಿಗೆ ಫೋನ್ ಮಾಡಿ ಹತ್ತಿತು ಎಂದು ಹೇಳಿದೆ. ಅವರು ಅಲ್ಲಿಯವರೆಗೂ ಊಟ ಮಾಡಿರಲಿಲ್ಲವಂತೆ.

ಟ್ಯೂಬುಗಳು ಗಟ್ಟಿಯಾಗಿಯೇ ತಲುಪಿದವು. ಡಾಕ್ಟರ ಅನುಮಾನ ಸರಿಯಾಗಿತ್ತು. ಕಾಯಿಲೆಯ ಹೆಸರು ಗೊತ್ತಾದ ಕೂಡಲೇ ಹಾಲಿನ ಪುಡಿಗೆ ಹೇಳಿ ಕಳಿಸಿದರು. ಹೆರಿಗೆಯ ಹಿಂದಿನ ವಾರ ಡಬ್ಬಿಗಳು ಬಂದವು. ಹುಟ್ಟಿದ್ದು ಹೆಣ್ಣುಮಗು. ಅದಕ್ಕೂ ಅಣ್ಣನ ಕಾಯಿಲೆಯೇ ಇತ್ತು. ಆ ಸುದ್ದಿ ಬಂದಾಗ ಮನೆಯವರು ಅತ್ತರು. ಆದರೆ ಅಷ್ಟು ಹೊತ್ತಿಗಾಗಲೇ ಮಗು ಡಾಕ್ಟರು ಹೇಳಿದ ಅಳತೆಯಲ್ಲಿ ಆ ಬೇರೆ ಹಾಲನ್ನೇ ಕುಡಿಯುತ್ತಿತ್ತು. ಫಿಟ್ಸ್ ಬರಲಿಲ್ಲ. ಬಟ್ಟೆಯಿಂದ ಬರಿಯ ಉಚ್ಚೆಯ ವಾಸನೆ ಬರುತ್ತಿದೆ ಎಂದು ಅಜ್ಜಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದರಂತೆ.

ಈ ಮಗುವಿನ ರಕ್ತವನ್ನು ಆಗಾಗ ನೋಡುತ್ತಿರಬೇಕು. ಹಿಮ್ಮಡಿಗೆ ಸಣ್ಣಗೆ ಚುಚ್ಚಿ, ಕಾಗದದ ಮೇಲೆ ಹನಿಗಳನ್ನು ಒತ್ತಿ, ಒಣಗಿಸಿ ಕಳಿಸಿದರಾಯಿತು. ಮೊದಲ ಸಲ ಅಜ್ಜಿಯೇ ಎತ್ತಿಕೊಂಡು ಬಂದರು. ಸೊಸೆ ಹಿಂದೆ ನಿಂತಿದ್ದಳು. ನಾನು ಕಾಲು ಹಿಡಿದು ಚುಚ್ಚಿದೆನೋ ಇಲ್ಲವೋ, ಕೂಸು ಮುಖ ಕೆಂಪಗೆ ಮಾಡಿಕೊಂಡು ಲ್ಯಾಬಿನ ಸೂರು ಹಾರಿಹೋಗುವ ಹಾಗೆ ಕಿರುಚಿತು. ಹೊರಗೆ ಕೂತ ರೋಗಿಗಳು ಇಣುಕಿ ನೋಡಿದರು. ನನಗೇ ಕಸಿವಿಸಿಯಾಗಿ, ಆಯ್ತು ಆಯ್ತು, ಇನ್ನೊಂದೇ ಹನಿ, ಅಳಬೇಡ ಎಂದು ರಮಿಸತೊಡಗಿದೆ.

"ಅಳ್ಲಿ ಬಿಡ್ರಿ ಅಕ್ಕಾರೆ" ಎಂದರು ಅಜ್ಜಿ, ಮಗುವಿನ ಕಾಲನ್ನು ನನ್ನ ಕಡೆಗೆ ಇನ್ನಷ್ಟು ಚಾಚಿ ಹಿಡಿದು. "ಅವತ್ ನೀವು ಅವನಿಗೂ ಹಿಂಗೇ ಚುಚ್ಚಿದ್ರಿ. ಅವನು ಅಳ್ಲೇ ಇಲ್ಲ."